ಈರಮ್ಮನ ಮಷೀನು ಏಳುವ ಹೊತ್ತು

ನನ್ನ ಅರ್ಧ ಆಯುಸ್ಸು ಮಷೀನುಗಳು ಏಳುವುದನ್ನು ಕಾಯುವುದರಲ್ಲಿ ಹೋಯಿತು. ಮನೆಯಲ್ಲಿ ಗಂಡ ಏಳುವುದನ್ನು ಒಂದು ದಿನವೂ ಕಾದವಳಲ್ಲ, ಅನ್ನ ಸಾರು ಮಾಡಿ ಮುಚ್ಚಿಟ್ಟು ಬಸ್ಸು ಹತ್ತುತ್ತಿದ್ದೆ. ಆದರೆ ಆಂಧ್ರದ ಗಡಿಯಲ್ಲಿರುವ ರಾಯದುರ್ಗದ ಹೊಲಿಗೆ ಶೆಡ್ಡುಗಳಲ್ಲಿ ಸ್ವಿಚ್ ಒತ್ತಿ, ಪರದೆಯ ಮುಂದೆ ಕೈಕಟ್ಟಿ ನಿಂತು, ‘ಏಳಪ್ಪಾ, ಎದ್ದೇಳು’ ಎಂದು ಮನಸ್ಸಿನಲ್ಲೇ ಬೇಡಿಕೊಂಡದ್ದಕ್ಕೆ ಲೆಕ್ಕವಿಲ್ಲ. ಈಗ ನಿವೃತ್ತಿಯಾಗಿ ಮಡಕಶಿರಾದ ಮನೆಯಲ್ಲಿ ಆರಾಮಾಗಿದ್ದೇನೆ. ನಾನಿದ್ದ ಕಂಪನಿಗೆ ಹೊಸದಾಗಿ ಸೇರಿದ ಇಬ್ಬರು ಹೆಣ್ಣುಮಕ್ಕಳು ಫೋನ್ ಮಾಡಿ, “ಮೇಡಂ, ಊರೂರು ತಿರುಗಿ ರಿಪೇರಿ ಮಾಡೋ ಕೆಲಸ ನಿಜವಾಗಿ ಹೆಂಗಿರುತ್ತೆ, ಸ್ವಲ್ಪ ಬರೆದುಕೊಡಿ” ಎಂದು ಕೇಳಿದರು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಅನ್ನುವುದೆಲ್ಲ ಇದರಲ್ಲಿ ಇಲ್ಲ. ಅದು ಬೇಕಾದವರು ಆಫೀಸಿನಲ್ಲಿ ಕೇಳಿಕೊಳ್ಳಿ.

ಕೆಲಸ ಇಷ್ಟು. ಕಂಪ್ಯೂಟರ್ ಎಂಬ್ರಾಯ್ಡರಿ ಮಷೀನುಗಳನ್ನು ನೋಡಿಕೊಳ್ಳುವುದು. ರವಿಕೆ ತೋಳಿನ ಬಳ್ಳಿ, ಶಾಲೆ ಮಕ್ಕಳ ಅಂಗಿಯ ಬ್ಯಾಡ್ಜು, ಜೀನ್ಸ್ ಜೇಬಿನ ಮೇಲಿನ ಹೂವು, ಎಲ್ಲವನ್ನೂ ಹಾಕುವುದು ಈ ಮಷೀನು. ಅದರ ಪಕ್ಕದಲ್ಲೊಂದು ಡಬ್ಬಿ, ಡಬ್ಬಿಯೊಳಗೆ ಪುಟ್ಟ ಕಂಪ್ಯೂಟರು. ಸೂಜಿ ಎಲ್ಲಿ ಇಳಿಯಬೇಕು ಎಂದು ಹೇಳುವುದು ಅದೇ. ಸ್ವಿಚ್ ಹಾಕಿದಾಗಿನಿಂದ ಆ ಡಬ್ಬಿ ಕೆಲಸಕ್ಕೆ ತಯಾರಾಗುವವರೆಗಿನ ಹೊತ್ತಿಗೆ ನಾವು ಬೂಟ್ ಟೈಮ್ ಎನ್ನುತ್ತೇವೆ. ಕುರ್ಚಿಯ ಮೇಲೆ ಕೂತವರಿಗೆ ಅದೇನು ಮಹಾ ಎನ್ನಿಸಬಹುದು. ಪೀಸಿಗಿಷ್ಟು ಎಂದು ಕೂಲಿಗೆ ದುಡಿಯುವವರನ್ನು ಕೇಳಿ ನೋಡಿ. ಕರೆಂಟು ಹೋಗಿ ಬಂದಾಗಲೆಲ್ಲ ಡಬ್ಬಿ ಮೊದಲಿನಿಂದ ಎದ್ದು ಬರಬೇಕು, ಅಲ್ಲಿಯವರೆಗೆ ಅವರು ಬಟ್ಟೆ ಹಿಡಿದುಕೊಂಡು ಸುಮ್ಮನೆ ಕೂರಬೇಕು.

ರಾಯದುರ್ಗದಲ್ಲಿ ನಾನು ಮೊದಲು ಕಾಲಿಟ್ಟ ಶೆಡ್ಡಿನ ಮಾಲೀಕರು ನನ್ನನ್ನು ನೋಡಿ, ನನ್ನ ಹಿಂದೆ ಬಾಗಿಲ ಕಡೆ ಕತ್ತು ಚಾಚಿದರು. “ಬರ್ರಿ ಅಕ್ಕಾರ, ಕುಂದರ್ರಿ. ಮೆಕ್ಯಾನಿಕ್ ಹಿಂದ ಬರಾಕತ್ಯಾನೇನ್ರಿ?” ಎಂದರು. “ನಾನೇ ಮೆಕ್ಯಾನಿಕ್ಕು. ನನ್ನ ಹಿಂದೆ ಬರೋದು ನನ್ನ ಜಡೆ ಒಂದೇ” ಎಂದೆ. ಆತ ಪಾಪ ಮುಖ ಸಣ್ಣದು ಮಾಡಿಕೊಂಡು ಟೀ ತರಿಸಿದರು. ಆಮೇಲೆ ವರ್ಷಗಟ್ಟಲೆ ಆ ಬಜಾರಿನಲ್ಲೆಲ್ಲ ನನಗೆ ‘ಜಡೆ ಮೆಕ್ಯಾನಿಕ್’ ಎಂಬ ಹೆಸರೇ ನಿಂತಿತು. ನನಗೇನೂ ಬೇಜಾರಿರಲಿಲ್ಲ.

ಆಗ ಅಳೆಯುವ ವಿಧಾನವೇ ಬೇರೆ. ಮಷೀನು ತಡವಾಗಿ ಏಳುತ್ತದೆ ಎಂದು ದೂರು ಬಂದರೆ, ಎಷ್ಟು ತಡ ಎಂದು ಕೇಳುವುದು, ಅವರು ಹೇಳಿದ್ದನ್ನು ನಂಬುವುದು. ಒಬ್ಬರು ‘ಒಂದು ಟೀ ಕುಡಿಯೋಷ್ಟು ಹೊತ್ತು’ ಎನ್ನುವರು, ಇನ್ನೊಬ್ಬರು ‘ಒಂದು ಬೀಡಿ ಸೇದೋಷ್ಟು’ ಎನ್ನುವರು. ನಾನು ಅದನ್ನೇ ಬರೆದು ಕಳಿಸಿದರೆ ನಮ್ಮ ಮೇಲಧಿಕಾರಿ ನಂಜುಂಡಯ್ಯ ಸಾರ್ ಫೋನ್ ಮಾಡಿ, “ಟೀ ಬಿಸಿ ಇತ್ತೇನಮ್ಮ, ಆರಿತ್ತೇನಮ್ಮ? ಅದೂ ಗೊತ್ತಾಗ್ಬೇಕಲ್ಲ ನಂಗೆ” ಎಂದು ಗದರುತ್ತಿದ್ದರು.

ನಂಜುಂಡಯ್ಯ ಸಾರ್ ಮಡಕಶಿರಾ ಹತ್ತಿರದ ಹೇಮಾವತಿ ಊರಿನ ಕಡೆಯವರು. ಒಬ್ಬರನ್ನೂ ಹೊಗಳಿದವರಲ್ಲ. ಕೆಲಸ ಚೆನ್ನಾಗಿದ್ದರೆ ‘ಊಂ’ ಎನ್ನುವರು, ಕೆಟ್ಟದ್ದಾದರೆ ಹೆಚ್ಚು ಮಾತಾಡುವರು. ಹಾಗಾಗಿ ಅವರು ಮಾತಾಡಿದಷ್ಟೂ ನಮಗೆ ನಡುಕ. ಹೊಸ ಡಬ್ಬಿಗಳು ಬಂದ ಕಾಲಕ್ಕೆ, ಅವುಗಳ ಹೊಟ್ಟೆಯೊಳಗೆ ಇಳಿದು ನೋಡುವ ಉಪಕರಣವನ್ನು ನನಗೆ ಕಲಿಸಿದವರು ಅವರೇ. ಡಬ್ಬಿಯ ಬೆನ್ನಿಗೆ ಒಂದು ಕೀಬೋರ್ಡು ಸಿಕ್ಕಿಸಬೇಕು. ಚಿತ್ರಗಳೆಲ್ಲ ಹೋಗಿ ಕಪ್ಪು ಪರದೆ ಬರುತ್ತದೆ. ಅಲ್ಲಿ ಮೌಸ್ ಇಲ್ಲ, ಬಟನ್ ಇಲ್ಲ, ಒಂದು ಸಾಲಿನ ಕಮಾಂಡ್ ಟೈಪ್ ಮಾಡಬೇಕು ಅಷ್ಟೆ. ಆಗ ಡಬ್ಬಿ ತಾನು ಏಳುವಾಗ ಏನೇನು ಮಾಡಿತು, ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ಸಾಲುಸಾಲಾಗಿ ಹೇಳುತ್ತದೆ, ಹೆಚ್ಚು ಹೊತ್ತು ತಗೊಂಡ ಕೆಲಸವನ್ನು ಎಲ್ಲಕ್ಕಿಂತ ಮೇಲೆ ಹಾಕಿ. ಹಿಂದಿನ ದಿನಗಳದ್ದನ್ನೂ ಕೇಳಬಹುದು. ನನಗಂತೂ ಖುಷಿಯೋ ಖುಷಿ. ಇಷ್ಟು ದಿನ ಬಾಯಿ ಇಲ್ಲದ ರೋಗಿಗೆ ಮದ್ದು ಕೊಟ್ಟಿದ್ದೆ, ಈಗ ರೋಗಿಯೇ ಬಾಯಿ ಬಿಟ್ಟ ಹಾಗಾಯಿತು.

“ಹಿಗ್ಗಬೇಡ” ಎಂದರು ಸಾರ್. “ಮೇಲಿರೋ ಹೆಸರು ಹೆಚ್ಚು ಹೊತ್ತು ತಗೊಂಡೋನ್ದು, ನಿಜ. ಆದ್ರೆ ಅವನು ತಾನೇ ನಿಧಾನವೋ, ಇನ್ಯಾರಿಗಾದ್ರೂ ಕಾಯ್ತಾ ನಿಂತಿದ್ನೋ? ಅದನ್ನ ಈ ಪಟ್ಟಿ ಹೇಳಲ್ಲ. ಅದನ್ನ ನೀನೇ ಕೇಳ್ಬೇಕು.”

ನಾನು ತಲೆ ಆಡಿಸಿದೆ. ತಲೆಗೆ ಮಾತ್ರ ಇಳಿದಿರಲಿಲ್ಲ.

ಇಳಿದದ್ದು ಮಡಕಶಿರಾ ಕಡೆಯ ಒಂದು ಹಳ್ಳಿಯ ಹಾಲಿನ ಡೇರಿಯಲ್ಲಿ. ಅಲ್ಲಿ ಹಾಲು ಅಳೆದು ಚೀಟಿ ಕೊಡುವ ಡಬ್ಬಿಯ ರಿಪೇರಿಯನ್ನೂ ನಮ್ಮ ಕಂಪನಿ ವಹಿಸಿಕೊಂಡಿತ್ತು. ಬೆಳಗ್ಗೆ ಬೇಗ ಏಳುತ್ತಿಲ್ಲ, ಜನ ಕ್ಯಾನು ಹಿಡಿದು ಬೈಯುತ್ತಾರೆ ಎಂದು ದೂರು. ಕಮಾಂಡ್ ಹೊಡೆದೆ. ಎಲ್ಲಕ್ಕಿಂತ ಮೇಲೆ ಕಂಡದ್ದು ‘ನೆಟ್‌ವರ್ಕ್‌ಗಾಗಿ ಕಾಯುವುದು’ ಎಂಬ ಕೆಲಸ. ಹಾಲಳೆಯುವುದಕ್ಕೆ ನೆಟ್‌ವರ್ಕ್ ಯಾಕೆ ಬೇಕು? ಕಾಯಬೇಡ ಹೋಗು ಎಂದು ಅದನ್ನು ನಿಲ್ಲಿಸಿಬಿಟ್ಟೆ. ಡಬ್ಬಿ ಥಟ್ಟನೆ ಎದ್ದಿತು. ಡೇರಿಯವರು ಒಂದು ಚೊಂಬು ಹಾಲು ಕೊಟ್ಟು ಕಳಿಸಿದರು. ನಾನು ಬೀಗುತ್ತಾ ಮನೆಗೆ ಬಂದೆ.

ಮಾರನೆ ದಿನವೇ ಕರೆ ಬಂತು. ಹೋದರೆ ಜನ ನಗುತ್ತಾ ನಿಂತಿದ್ದಾರೆ. ಕರಿಯಣ್ಣ ಎಂಬ ರೈತರು ಚೀಟಿಯನ್ನು ನನ್ನ ಮೂಗಿಗೆ ಹಿಡಿದು, “ಏನಮ್ಮಯ್ಯ ಕಂಪ್ಯೂಟ್ರಮ್ಮ, ಈ ಚೀಟಿ ತಾರೀಕು ನೋಡು. ಇದ್ರ ಪ್ರಕಾರ ನಾನಿನ್ನೂ ಈ ಹಸಾನೇ ತಂದಿಲ್ಲ ಕಣಮ್ಮ! ಹಾಲೆಲ್ಲಿಂದ ಕರೆದ್ನಂತೆ ನಾನು?” ಎಂದರು. ಆ ಡಬ್ಬಿಯ ಗಡಿಯಾರದ ಬ್ಯಾಟರಿ ಸತ್ತುಹೋಗಿತ್ತು. ದಿನಾ ಬೆಳಗ್ಗೆ ನೆಟ್‌ವರ್ಕ್‌ನಿಂದ ತಾರೀಕು ಕೇಳಿ ತಿಳಿದುಕೊಂಡು ಆಮೇಲೆ ಏಳುತ್ತಿತ್ತು, ಪಾಪ. ನಾನು ಅದರ ಬಾಯಿಗೆ ಬೀಗ ಹಾಕಿದ್ದೆ. ಹೊಸ ಬ್ಯಾಟರಿ ಹಾಕಿದ ಮೇಲೆ ತಾರೀಕೂ ಸರಿಹೋಯಿತು, ಕಾಯುವುದೂ ತಪ್ಪಿತು. ನಂಜುಂಡಯ್ಯ ಸಾರ್‌ಗೆ ಹೇಳಿದಾಗ ಅವರು ಬೈಯಲಿಲ್ಲ. “ಕಾಯೋರೆಲ್ಲ ಸೋಮಾರಿಗಳು ಅಂತ ಯಾರು ಹೇಳಿದ್ರಮ್ಮ ನಿಂಗೆ?” ಎಂದು ಒಂದೇ ಮಾತು ಕೇಳಿ ಫೋನ್ ಇಟ್ಟರು. ಅದಕ್ಕಿಂತ ನಾಲ್ಕು ಬೈದಿದ್ದರೇ ಚೆನ್ನಾಗಿತ್ತು.

ಈರಮ್ಮನ ವಿಷಯಕ್ಕೆ ಬರುತ್ತೇನೆ. ನಿಜ ಹೇಳಬೇಕೆಂದರೆ ಬರೆಯಲು ಕೂತದ್ದೇ ಅದಕ್ಕಾಗಿ.

ರಾಯದುರ್ಗದಲ್ಲಿ ಶಂಕ್ರಪ್ಪ ಸಾವ್ಕಾರ್ ಅನ್ನುವವರ ಶೆಡ್ಡು. ಅವರದು ಫೋನಿನಲ್ಲಿ ತೆಲುಗು, ನಮ್ಮೆದುರು ಕನ್ನಡ, ಸಿಟ್ಟು ಬಂದರೆ ಎರಡೂ ಕೂಡಿ. ಮನುಷ್ಯ ಕೆಟ್ಟವರಲ್ಲ, ಅವಸರ ಹೆಚ್ಚು. ಅವರ ಹತ್ತಿರ ಕಣೇಕಲ್ಲಿನಿಂದ ದಿನಾ ಬಸ್ಸಿನಲ್ಲಿ ಬರುವ ಈರಮ್ಮ ಕೆಲಸ ಮಾಡುತ್ತಿದ್ದಳು. ನೂಲು ಕತ್ತರಿಸಲು ಸೇರಿದವಳು, ನೋಡಿ ನೋಡಿಯೇ ಮಷೀನು ನಡೆಸಲು ಕಲಿತಳು. ಆ ಶೆಡ್ಡಿನಲ್ಲಿ ಎಂಬ್ರಾಯ್ಡರಿ ಮಷೀನಿನ ಮುಂದೆ ಕೂತ ಹೆಂಗಸು ಅವಳೊಬ್ಬಳೇ. ಮಷೀನನ್ನು ಒರೆಸುವುದೇನು, ಕುಂಕುಮ ಇಡುವುದೇನು, ತವರಿನವರನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳುತ್ತಿದ್ದಳು.

ಒಂದು ಗುರುವಾರ ಸಾವ್ಕಾರ್ ನನ್ನನ್ನು ಕರೆಸಿದರು. ಈರಮ್ಮ ಅಲ್ಲೇ ಬಟ್ಟೆ ಮಡಿಸುತ್ತಿದ್ದಳು, ಅವಳಿಗೆ ಕೇಳಿಸಲಿ ಎಂದೇ ಜೋರಾಗಿ ಹೇಳಿದರು: “ಅಕ್ಕಾರ, ನೀವ ನೋಡ್ರಿ. ಮುಂಜಾನೆ ಎಲ್ಲಾ ಮಷೀನು ಚಾಲೂ ಆಗ್ತಾವ, ಇಕಿದೊಂದ ಮಲಗಿರ್ತೈತಿ. ಹೋದ ತಿಂಗಳ ಫ್ಯಾನ್ ಹಾಕಸ್ರಿ ಅಂತ ಎಲ್ಲಾರ ಮುಂದ ತಂಟೆ ತೆಗದಿದ್ಲು, ನಾ ಆಗಂಗಿಲ್ಲ ಅಂದೆ. ಆ ಸಿಟ್ಟಿಗೆ ಬೇಕಂತ ಏನೋ ಮಾಡ್ತಾಳ. ಸೋಮವಾರದಿಂದ ಮಷೀನು ಬ್ಯಾರೆಯವರಿಗೆ ಕೊಡ್ತೀನಿ. ಇಕಿ ತಿರುಗಿ ನೂಲು ಕತ್ತರಸ್ಲಿ.”

ಈರಮ್ಮ ತಲೆ ಎತ್ತಲಿಲ್ಲ. “ನಾ ಏನೂ ಮಾಡಿಲ್ರಿ ಅಕ್ಕಾರ. ನನಗ ಕೊಟ್ಟ ಮಷೀನಿಗೆ ನಾನ ಯಾಕ ಕೇಡು ಮಾಡ್ಲಿ?” ಎಂದಳು. ಅವಳ ಕೈ ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸುತ್ತಿತ್ತು. ಕಲಿತ ಕಸುಬನ್ನು ಕಸಿದುಕೊಂಡರೆ ಹೇಗಿರುತ್ತದೆ ಎಂಬುದು ನನಗೆ ಗೊತ್ತಿಲ್ಲದ ಮಾತೇ?

ಮಷೀನು ಆರಿಸಿ ಮತ್ತೆ ಹಾಕಿದೆ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಎದ್ದು ಕೂತಿತು. ಇನ್ನೊಮ್ಮೆ ಹಾಕಿದೆ, ಅಷ್ಟೇ ಬೇಗ. ಸಾವ್ಕಾರ್ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಡಾಕ್ಟರ ಮುಂದೆ ಹೊಟ್ಟೆನೋವು ಮಾಯವಾಗುವ ಹಾಗೆ! ಕೀಬೋರ್ಡು ಸಿಕ್ಕಿಸಿ ಕಪ್ಪು ಪರದೆಗೆ ಇಳಿದು, ಹಿಂದಿನ ಮುಂಜಾವುಗಳನ್ನು ಒಂದೊಂದಾಗಿ ಕೇಳಿದೆ. ದೂರು ನಿಜವೇ ಆಗಿತ್ತು. ಹೆಚ್ಚುಕಮ್ಮಿ ದಿನಾ ಬೆಳಗ್ಗೆ ಡಿಸ್ಕ್ ಪರೀಕ್ಷೆ ಎಂಬ ಕೆಲಸ ಎಲ್ಲಕ್ಕಿಂತ ಮೇಲೆ ಕೂತಿತ್ತು. ಒಳಗಿನ ಡಿಸ್ಕ್ ಕೆಡುತ್ತಿದೆಯೋ ಏನೋ ಎಂದುಕೊಂಡೆ. ಆದರೆ ಕೆಡುವ ಡಿಸ್ಕಿಗೆ ವಾರದ ಲೆಕ್ಕ ಇರುತ್ತದೆಯೇ? ಪ್ರತಿ ಶನಿವಾರ ಬೆಳಗ್ಗೆ ಮಾತ್ರ ಮಷೀನು ಸರಾಗವಾಗಿ ಎದ್ದಿತ್ತು.

ಬಾಯಿ ತಪ್ಪಿ ಅದನ್ನು ಗಟ್ಟಿಯಾಗಿ ಓದಿಬಿಟ್ಟೆ.

“ಕೇಳಿದ್ರಾ!” ಎಂದು ಸಾವ್ಕಾರ್ ಎದ್ದು ನಿಂತರು. “ಶನಿವಾರ ಮುಂಜಾನೆ ನಾನು ನೇಮಕಲ್ಲಿಗೆ ಹೋಗ್ತೀನ್ರಿ, ಆಂಜನೇಯಸ್ವಾಮಿ ದರ್ಶನಕ್ಕ. ನಾನಿಲ್ದ ದಿನ ಬರೋಬ್ಬರಿ ಚಾಲೂ ಆಗ್ತೈತಿ. ನಾನಿದ್ದ ದಿನ ಆಗಂಗಿಲ್ಲ. ಇನ್ನೇನು ಹೇಳಬೇಕ್ರಿ?”

ಸಹಾಯ ಮಾಡಲು ಬಂದವಳು ಅವರ ಕೈಗೆ ದೊಣ್ಣೆ ಕೊಟ್ಟ ಹಾಗಾಯಿತು. ಈರಮ್ಮ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಆಗ ನಂಜುಂಡಯ್ಯ ಸಾರ್ ಗದರಿದ್ದು ನೆನಪಾಯಿತು: ಅವನು ಯಾರಿಗಾಗಿ ಕಾಯುತ್ತಾ ನಿಂತಿದ್ದಾನೆ, ಕೇಳು. “ಸಾವ್ಕಾರ್ರೆ, ಇವತ್ತು ನಾನು ಊರಿಗೆ ಹೋಗಲ್ಲ. ಸಂಜೆ ಮಷೀನು ಮಲಗೋದನ್ನೂ ನೋಡ್ತೀನಿ, ನಾಳೆ ಏಳೋದನ್ನೂ ನೋಡ್ತೀನಿ. ಅಲ್ಲೀತನಕ ಯಾರನ್ನೂ ಏನೂ ಅನ್ನಬೇಡಿ” ಎಂದೆ. ಒಪ್ಪಿಕೊಂಡರು, ಗೊಣಗುತ್ತಲೇ.

ಸಂಜೆ ಉಳಿದವರೆಲ್ಲ ಮನೆಗೆ ಹೋದರು. ಈರಮ್ಮ ಕಣೇಕಲ್ಲಿನ ಕೊನೆಯ ಬಸ್ಸಿಗೆ ಹೋಗುವವಳು, ಹಾಗಾಗಿ ಇನ್ನೊಂದಷ್ಟು ಹೊತ್ತು ಕೂರುತ್ತಿದ್ದಳು. ಚಿತ್ತಾರಗಳೆಲ್ಲ ಒಂದು ಪೆನ್ ಡ್ರೈವಿನಲ್ಲಿದ್ದವು. ಇಡೀ ಶೆಡ್ಡಿಗೆ ಅದೊಂದೇ. ಹಗಲೆಲ್ಲ ಒಂದು ಮಷೀನಿನಿಂದ ಇನ್ನೊಂದಕ್ಕೆ ಓಡಾಡುತ್ತಿತ್ತು, ಸಂಜೆಯ ಕೊನೆಯ ಚಿತ್ತಾರಕ್ಕೆ ಈರಮ್ಮನ ಹತ್ತಿರ ಬರುತ್ತಿತ್ತು. ಅವಳು ಚಿತ್ತಾರ ಇಳಿಸಿಕೊಂಡಳು, ಕೈಕಾಲು ತೊಳೆದು ಬಂದು ಗೋಡೆಯ ಮೇಲಿನ ದೇವರ ಫೋಟೋಕ್ಕೆ ದೀಪ ಹಚ್ಚಿದಳು. ಡಬ್ಬಿಯ ದಾಖಲೆಯನ್ನು ನನ್ನ ಪೆನ್ ಡ್ರೈವಿಗೆ ಇಳಿಸಿಕೊಳ್ಳೋಣ ಎಂದು, ಅಲ್ಲಿ ಸಿಕ್ಕಿಸಿದ್ದನ್ನು ತೆಗೆಯಲು ಕೈ ಹಾಕಿದೆ.

“ಅಯ್ಯಯ್ಯೋ, ಬ್ಯಾಡ್ರಿ ಅಕ್ಕಾರ! ದೀಪ ಹಚ್ಚೀನಿ!” ಎಂದು ಕೂಗಿಕೊಂಡಳು.

ನಾನು ಬೆಚ್ಚಿ ಕೈ ತೆಗೆದೆ. “ದೀಪ ಹಚ್ಚಿದ್ರೆ ಇದಕ್ಕೇನಮ್ಮ?”

“ದೀಪ ಹಚ್ಚಿದ ಮ್ಯಾಲ ಯಾರಾರ ಸೂಜಿ ಕೊಡ್ತಾರೇನ್ರಿ? ಕತ್ರಿ ಕೊಡ್ತಾರೇನು? ಇದೂ ಅಂಗ ಅಲ್ಲೇನ್ರಿ? ಹೂವು, ಬಳ್ಳಿ, ನಮ್ಮ ಕಸುಬೆಲ್ಲಾ ಇದರಾಗ ಐತಿ. ಹೊತ್ತು ಮುಳುಗಿದ ಮ್ಯಾಲ ಮಷೀನಿನ ಹೊಟ್ಟಿಯಾಗಿಂದ ಇದನ್ನ ಕೀಳಬಾರದ್ರಿ. ಮುಂಜಾನೆ ತೆಗೀತೀವಿ.”

ನನಗೆ ನಗು ಬರಲಿಲ್ಲ. ನಮ್ಮಮ್ಮ ದೀಪ ಹಚ್ಚಿದ ಮೇಲೆ ಪಕ್ಕದ ಮನೆಯವರು ಸೂಜಿ ಕೇಳಿದರೆ ಇಲ್ಲವೆಂದು ಬಾಯಲ್ಲಿ ಹೇಳದೆ, ಬೇರೆ ಮಾತು ತೆಗೆದು ಕೂರಿಸಿ, ಊಟ ಹಾಕಿ ಕಳಿಸುತ್ತಿದ್ದಳು. ನಾನು ಅವಳ ಮಗಳೇ ತಾನೇ. ಆದರೆ ಶನಿವಾರದ ಲೆಕ್ಕ ತಲೆಯಲ್ಲಿ ಕೂತಿತ್ತು. “ಶುಕ್ರವಾರ ಸಂಜೆ ಏನು ಮಾಡ್ತೀಯ ಈರಮ್ಮ?” ಎಂದು ಕೇಳಿದೆ.

“ಶುಕ್ರವಾರ ಮನಿಯಾಗ ದೀಪ ಹಚ್ಚಬೇಕಲ್ರಿ. ಬೆಳಕಿರಾಗ ಬಸ್ ಹತ್ತತೀನಿ. ಇದನ್ನ ಸಾವ್ಕಾರ್ರ ಮೇಜಿನ ಮ್ಯಾಲ ಇಟ್ಟು ಹೋಗ್ತೀನ್ರಿ.”

ಶನಿವಾರದ ಗುಟ್ಟು ಅಷ್ಟೇ! ಸಿಕ್ಕಿಸಿದ ಪೆನ್ ಡ್ರೈವು ಒಳಗಿದ್ದರೆ ಡಬ್ಬಿ ಏಳುವ ಮೊದಲು ಅದನ್ನೂ ಒಂದು ಡಿಸ್ಕ್ ಎಂದೇ ಎಣಿಸಿ ಪರೀಕ್ಷೆ ಮಾಡುತ್ತದೆ. ಶುಕ್ರವಾರ ರಾತ್ರಿ ಒಳಗಿರುವುದಿಲ್ಲ, ಶನಿವಾರ ಬೇಗ ಏಳುತ್ತದೆ. ಹಗಲಿನಲ್ಲಿ ಅದು ಬೇರೆ ಮಷೀನುಗಳಲ್ಲಿರುತ್ತದೆ, ಆಗಲೂ ಬೇಗ ಏಳುತ್ತದೆ. ಸಾವ್ಕಾರ್ ನೇಮಕಲ್ಲಿಗೆ ಹೋಗುವುದಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ. ಆ ಕ್ಷಣವೇ ಫೋನ್ ಮಾಡಿ ಹೇಳಿಬಿಡೋಣ ಎನ್ನಿಸಿತು. ತಡೆದುಕೊಂಡೆ. ಹೇಳಿದರೆ, ‘ಅಂದ್ರ ತಪ್ಪು ಇಕಿದ ಆತಲ್ರಿ’ ಎನ್ನುವುದು ಗ್ಯಾರಂಟಿ. ಅದೂ ಅಲ್ಲದೆ, ಅಂಗೈಯೊಳಗೆ ಅಡಗುವ ಪೆನ್ ಡ್ರೈವಿನ ಪರೀಕ್ಷೆಗೆ ಚಿಟಿಕೆ ಹೊಡೆಯುವಷ್ಟು ಹೊತ್ತು ಸಾಕು. ಇದಕ್ಕೆ ಯಾಕೆ ಅಷ್ಟು ಹಿಡಿಯುತ್ತದೆ?

ಉತ್ತರ ಬೆಳಗ್ಗೆ ತಾನಾಗಿಯೇ ನಡೆದುಕೊಂಡು ಬಂತು. ಈರಮ್ಮ ಮಷೀನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಸ್ವಿಚ್ ಹಾಕಿದಳು. ಮಷೀನು ಏಳಲೊಲ್ಲದು. ಬಹಳ ಹೊತ್ತಿನ ಮೇಲೆ ಎದ್ದಿತು. ಅಷ್ಟರಲ್ಲಿ ಸಾವ್ಕಾರ್ ಬಂದರು, ನೇರವಾಗಿ ಹೋಗಿ ಪೆನ್ ಡ್ರೈವನ್ನು ಸರಕ್ಕನೆ ಕಿತ್ತು ಪಕ್ಕದ ಮಷೀನಿಗೆ ಚುಚ್ಚಿದರು. ಅದರ ಪುಟ್ಟ ದೀಪ ಮಿನುಗುತ್ತಿರುವಾಗಲೇ ಅಲ್ಲಿಂದಲೂ ಕಿತ್ತು ಮುಂದಿನದಕ್ಕೆ. ನಾನು ಬಾಯಿ ತೆರೆದುಕೊಂಡು ನೋಡುತ್ತಾ ನಿಂತೆ.

“ಸಾವ್ಕಾರ್ರೆ, ದಿನಾ ಹೀಗೇ ಕೀಳ್ತೀರಾ?”

“ಮತ್ತ ಹೆಂಗ ಕೀಳಬೇಕ್ರಿ? ಇವರು ಕಿತ್ತರ ತಡ ಮಾಡ್ತಾರ. ನಾನ ಕೀಳಾದು.”

“ನಮ್ಮೂರ ಹೊಲದಲ್ಲಿ ಕಡಲೆಕಾಯಿ ಗಿಡ ಹೀಗೆ ಕೀಳ್ತಾರೆ. ಅದು ಇನ್ನೂ ಬರೆದುಕೊಳ್ತಾ ಇರೋವಾಗಲೇ ಕಿತ್ತರೆ, ಒಳಗೆ ಎಲ್ಲಾ ಅರ್ಧಂಬರ್ಧ ಆಗಿ ಬಿದ್ದಿರುತ್ತೆ. ದಿನಾ ಬೆಳಗ್ಗೆ ಈರಮ್ಮನ ಮಷೀನು ನೀವು ಚೆಲ್ಲಿದ್ದನ್ನ ಬಳಿದು, ಒರೆಸಿ, ಆಮೇಲೆ ಏಳ್ತಾ ಇದೆ.”

“ನಾನಾ?” ಎಂದರು ಸಾವ್ಕಾರ್. “ಸುಮ್ನಿರ್ರಿ ಅಕ್ಕಾರ. ಇಷ್ಟು ವರ್ಷದಿಂದ ಕೀಳ್ತೀನಿ, ಏನೂ ಆಗಿಲ್ಲ.”

ಮಾತಿನಲ್ಲಿ ಕೆಲಸವಾಗದು ಎಂದು ಗೊತ್ತಾಯಿತು. ಪೆನ್ ಡ್ರೈವನ್ನು ಈರಮ್ಮನ ಮಷೀನಿಗೆ ಸಿಕ್ಕಿಸಿ, ರಿಪೇರಿ ಮಾಡಿ, ಕೀಳುವ ಮೊದಲು ಅದನ್ನು ಮುಚ್ಚುವ ಬಟನ್ ಪರದೆಯ ಮೇಲೆ ಎಲ್ಲಿದೆ ಎಂದು ತೋರಿಸಿ, ಅವರ ಬೆರಳಿಂದಲೇ ಒತ್ತಿಸಿದೆ. ಅದರ ದೀಪ ಆರಿತು. ಪೆನ್ ಡ್ರೈವು ಒಳಗಿದ್ದಂತೆಯೇ ಮಷೀನು ಆರಿಸಿ ಹಾಕಿದೆ. ಹಾಕಿದ ಕೂಡಲೇ ಎದ್ದಿತು. ಕಮಾಂಡ್ ಹೊಡೆದು ತೋರಿಸಿದೆ, ಡಿಸ್ಕ್ ಪರೀಕ್ಷೆ ಪಟ್ಟಿಯ ತೀರ ಕೆಳಗೆ ಇಳಿದಿತ್ತು. “ಈಗ ನಿಮ್ಮ ಪದ್ಧತಿ ತೋರಿಸಿ” ಎಂದೆ. ಒಂದು ಚಿತ್ತಾರ ಇಳಿಯುತ್ತಿರುವಾಗಲೇ ಸರಕ್ಕನೆ ಕಿತ್ತು, ಮತ್ತೆ ಚುಚ್ಚಿದರು. ಆರಿಸಿ ಹಾಕಿದೆ. ಏಳಲಿಲ್ಲ. ನಾವು ಮೂವರೂ ನಿಂತೇ ನಿಂತೆವು. ಸಾವ್ಕಾರ್ ಮೊದಲು ಪರದೆ ನೋಡಿದರು, ಆಮೇಲೆ ತಮ್ಮ ಕೈಯನ್ನೇ ನೋಡಿಕೊಂಡರು. ಮುಖ ಕೆಂಪಗಾಗಿತ್ತು. ಬಯ್ಯುತ್ತಾರೇನೋ ಎಂದುಕೊಂಡರೆ ನಕ್ಕುಬಿಟ್ಟರು.

“ಥೂ ನನ್ನ! ಮನಿಯಾಗೂ ಅಂಗ ಅಂತಾರ್ರಿ ನನಗ, ಅವಸರದವ ಅಂತ” ಎಂದರು. ಆಮೇಲೆ ಈರಮ್ಮನ ಕಡೆ ತಿರುಗಿ, ದನಿ ಇಳಿಸಿ, “ತಪ್ಪಾತು ಈರಮ್ಮ. ಮಷೀನು ನಿಂದ. ಯಾರಿಗೂ ಕೊಡಂಗಿಲ್ಲ” ಎಂದರು.

ಈರಮ್ಮ ಅಳುತ್ತಾಳೆ ಎಂದುಕೊಂಡಿದ್ದೆ. ನನಗೇ ಕಣ್ಣು ತುಂಬಿ ಬಂದಿತ್ತು. ಅವಳು ಸೆರಗು ಸರಿಮಾಡಿಕೊಂಡು, “ಸರಿ ಬಿಡ್ರಿ ಸಾವ್ಕಾರ್ರ. ಫ್ಯಾನ್ ಯಾವಾಗ ಹಾಕಸ್ತೀರಿ?” ಎಂದಳು.

ಸಂಜೆ ದೀಪ ಹಚ್ಚಿದ ಮೇಲೆ ಪೆನ್ ಡ್ರೈವು ತೆಗೆಯಬಾರದು ಎಂಬುದನ್ನು ನಾನು ಬಿಡಿಸಲು ಹೋಗಲಿಲ್ಲ. ಇದ್ದರೇನು, ಸರಿಯಾಗಿ ಮುಚ್ಚಿದ ಪೆನ್ ಡ್ರೈವು ಒಳಗೆ ಮಲಗಿದ್ದರೆ ಯಾರಿಗೇನು ತೊಂದರೆ? ವಿಷಯವನ್ನು ನಂಜುಂಡಯ್ಯ ಸಾರ್‌ಗೆ ಫೋನಿನಲ್ಲಿ ಪೂರ್ತಿ ಹೇಳಿದೆ. ಅವರು ಕೊನೆಯತನಕ ಕೇಳಿಸಿಕೊಂಡರು. ಆಮೇಲೆ, “ಊಂ” ಎಂದರು. ನಾನು ಆ ದಿನ ಬಸ್ಸಿನಲ್ಲಿ ಮಡಕಶಿರಾ ಮುಟ್ಟುವ ತನಕ ಒಬ್ಬಳೇ ನಗುತ್ತಾ ಕೂತಿದ್ದೆ.

ಹುಡುಗಿಯರೇ, ಈಗ ನಿಮಗೆ ಕಾಲ ಸಲೀಸು. ಆಫೀಸಿನಲ್ಲೇ ಕೂತು ಕಮಾಂಡ್ ಹೊಡೆದರೆ ಊರೂರಿನ ಡಬ್ಬಿಗಳು ತಮ್ಮ ಬೂಟ್ ಟೈಮನ್ನು ಒಪ್ಪಿಸುತ್ತವಂತೆ. ಒಳ್ಳೆಯದೇ. ಬಸ್ಸಿನ ಧೂಳು ತಪ್ಪಿತು. ಆದರೂ ಪಟ್ಟಿ ನೋಡಿ ಒಬ್ಬರ ಮೇಲೆ ಬೆರಳು ತೋರಿಸುವ ಮೊದಲು ಒಂದು ಸಂಜೆ ಹೋಗಿ ಅಲ್ಲಿ ಕೂತು ಬನ್ನಿ. ಟೀ ಅಂತೂ ಕೊಟ್ಟೇ ಕೊಡುತ್ತಾರೆ.

ಮೊನ್ನೆ ನಾನು ರಾಯದುರ್ಗಕ್ಕೆ ಹೋಗಿದ್ದೆ. ನನ್ನದೊಂದು ರವಿಕೆಗೆ ಈರಮ್ಮ ತಾನೇ ಕೂಡಿಸಿದ ಬಳ್ಳಿಯ ಚಿತ್ತಾರ ಬೇಕಿತ್ತು, ಮಡಕಶಿರಾದಲ್ಲಿ ಹಾಕಿಸಿಕೊಳ್ಳೋಣ ಎಂದು. ಈಗ ಇಡೀ ಶೆಡ್ಡನ್ನು ನೋಡಿಕೊಳ್ಳುವವಳು ಅವಳೇ. ಹೊಲಿಯುವವರ ತಲೆಯ ಮೇಲೆಲ್ಲ ಫ್ಯಾನುಗಳು ತಿರುಗುತ್ತಿವೆ. ನನ್ನ ಬಸ್ಸು ತಡವಾಗಿತ್ತು. ಮಾತಾಡುತ್ತಲೇ ನನ್ನ ಪೆನ್ ಡ್ರೈವು ಸಿಕ್ಕಿಸಿ ಚಿತ್ತಾರವನ್ನು ಅದಕ್ಕೆ ಹಾಕಿದಳು, ಹೊತ್ತಾಯಿತೆಂದು ಎದ್ದು ಹೋಗಿ ದೀಪ ಹಚ್ಚಿದಳು. ನಾನು ಪೆನ್ ಡ್ರೈವಿಗೆ ಕೈ ಚಾಚಿದೆ.

“ಕೈ ಹಿಂದಕ ತಗೋರಿ ಅಕ್ಕಾರ” ಎಂದಳು. “ಇವತ್ತು ನಮ್ಮ ಮನಿಗೆ ಬರ್ರಿ. ಮುಂಜಾನೆ ಒಯ್ಯುವಂತ್ರಿ.”

ಮೇಜಿನ ಹಿಂದಿನಿಂದ ಸಾವ್ಕಾರ್, “ಆಕಿ ಮಾತು ಮೀರಬ್ಯಾಡ್ರಿ. ನಾನೂ ಮುಂಜಾನಿ ತನಕ ಕಾಯ್ತೀನಿ” ಎಂದರು.

ಕಣೇಕಲ್ಲಿನಲ್ಲಿ ಈರಮ್ಮನ ಮನೆಯಲ್ಲಿ ಉಂಡು ಮಲಗಿದೆ. ಬೆಳಗ್ಗೆ ಇಬ್ಬರೂ ಶೆಡ್ಡಿಗೆ ಬಂದೆವು. ಸ್ವಿಚ್ಚನ್ನು ನನ್ನಿಂದಲೇ ಹಾಕಿಸಿದಳು. ನಾನು ಮಷೀನು ಮುಟ್ಟಿ ಕಣ್ಣಿಗೊತ್ತಿಕೊಂಡು ಕಣ್ಣು ಬಿಡುವುದರೊಳಗೆ ಅದು ಎದ್ದು ಕೂತಿತ್ತು. ಈರಮ್ಮ ಮುಚ್ಚುವ ಬಟನ್ ಒತ್ತಿ, ಪೆನ್ ಡ್ರೈವನ್ನು ತೆಗೆಯಲು ಬೆರಳಿಟ್ಟಳು.

“ಏ ಈರಮ್ಮ, ತಡಿ, ತಡಿ!” ಎಂದು ಶೆಡ್ಡಿನ ಆ ತುದಿಯಿಂದ ಸಾವ್ಕಾರ್ ಕೂಗಿದರು. “ಅದರ ಲೈಟು ಆರೈತೇನು ನೋಡು ಮೊದಲು!”